ಸೂಜಿಯಿಂದ ಚುಚ್ಚಿದ ಗುಳಿಗೆಗಳು

ಚಿನ್ನವ್ವ, ಗುಂಡ್ಯಾ,

ನಿಮ್ಮ ಸಾಲಿಯ ಹಾಜರಿ ಪುಸ್ತಕದ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಕರೆಯುವ ಹೆಸರು ಸಾಕು. ಬೇರೆ ಯಾರ ಹೆಸರನ್ನೂ ಬರೆಯುವುದಿಲ್ಲ. ಇದರಲ್ಲಿ ನಾನು ಬಹಳ ಮಂದಿಯ ಮೇಲೆ ಸಂಶಯಪಟ್ಟಿದ್ದೇನೆ. ಅವರ ಹೆಸರು ಕಾಗದದ ಮೇಲೆ ಉಳಿಯುವುದು ಸರಿಯಲ್ಲ. ನಿಮ್ಮವ್ವನಿಗೆ ರಕ್ತದ ಕ್ಯಾನ್ಸರ್ ಆಗಿತ್ತು ಎಂದು ನಿಮಗೆ ಗೊತ್ತು. ಅದರ ನಡುವಿನ ಹದಿನಾಲ್ಕು ದಿನಗಳ ಸಂಗತಿ ಗೊತ್ತಿಲ್ಲ. ಎದುರಿಗೆ ಕೂತು ಹೇಳಬೇಕೆಂದರೆ ನನ್ನ ಬಾಯಿ ಕಟ್ಟುತ್ತದೆ. ಸಿಂದಗಿ ಕಡೆಯ ಹಳ್ಳಿಯ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಂಡದ್ದು ಕಲೆಗಳು. ಜೋಳದ ರಾಶಿ ಮುಗಿದ ವಾರ. ನಿಮ್ಮವ್ವ ಸೀರೆ ಮೇಲೆ ಸಿಕ್ಕಿಸಿಕೊಂಡು ಬಟ್ಟೆ ಒಗೆಯುತ್ತಿದ್ದಳು. ಮೊಣಕಾಲಿನ ಕೆಳಗೆ ಅಂಗೈ ಅಗಲದ ನೀಲಿ ಕಲೆ. ರಟ್ಟೆಯ ಮೇಲೆ ಇನ್ನೊಂದು, ಯಾರೋ ನಾಲ್ಕು ಬೆರಳಿನಿಂದ ಒತ್ತಿ ಹಿಡಿದ ಹಾಗೆ.

"ಇದೇನವಾ ಇದು?" ಎಂದೆ.

"ಗೊತ್ತಿಲ್ರಿ ಅತ್ತಿ. ಎಲ್ಲ್ಯರ ಬಡದಿರಬೇಕು."

ಎಲ್ಲಿ ಬಡಿಯಿತು ಎಂದು ಗೊತ್ತಿಲ್ಲದೆ ಇಷ್ಟು ದೊಡ್ಡ ಕಲೆ ಆಗುತ್ತದೆಯೇ? ನನಗೆ ನಿಮ್ಮಪ್ಪನ ಮೇಲೆ ಸಂಶಯ ಬಂತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಹೆಂಡತಿಗೆ ಏರು ಧ್ವನಿಯಲ್ಲಿ ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ. ಆದರೂ ಬಾಗೇವಾಡಿಯ ಕಾಳಿನ ಅಡತಿ ಅಂಗಡಿಯಿಂದ ಅವನು ಸಂಜೆ ಮನೆಗೆ ಬಂದಾಗ ಊಟಕ್ಕೆ ಬಡಿಸುತ್ತಾ ಅವನ ಕೈಗಳನ್ನೇ ನೋಡುತ್ತಿದ್ದೆ. ಒಂದು ವಾರ ನೋಡಿದೆ. ಅವನನ್ನು ಏನೂ ಕೇಳಲಿಲ್ಲ.

ಅಷ್ಟರಲ್ಲಿ ಹೊರ್ತಿಯಿಂದ ಬೀಗತಿ ಬಂದರು, ನಿಮ್ಮವ್ವನ ತಾಯಿ. ಅವರದು ಅಂಗಳದಲ್ಲಿ ನಿಂತರೆ ಹಿತ್ತಲಿಗೆ ಕೇಳುವ ದನಿ.

"ಏನ್ರಿ ಬೀಗತಿ, ನನ್ನ ಮಗಳ ಮೈಯೇನು ಬಣ್ಣದ ಅಂಗಡಿ ಆಗೈತೇನ್ರಿ? ಹೊರ್ತ್ಯಾಗ ಇದ್ದಾಗ ಅಕಿಗೆ ಸೊಳ್ಳಿ ಕಡಿದ ಕಲಿ ಸೈತ ಇರಲಿಲ್ಲ!"

ನಿಮ್ಮೂರಿನ ಸೊಳ್ಳಿಗೂ ನಿಮ್ಮ ಅಂಜಿಕಿ ಇರಬೇಕ್ರಿ, ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಿಂದ "ಚಹಾ ತಗೋರಿ" ಎಂದಷ್ಟೇ ಬಂತು. ಅವರಿಗೂ ನಿಮ್ಮಪ್ಪನ ಮೇಲೇ ಸಂಶಯ ಎಂದು ಗೊತ್ತಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆನಲ್ಲ.

ಮರುದಿನ ಊಟಕ್ಕೆ ಕೂತಾಗ ನಿಮ್ಮವ್ವ ಕಟಕ ರೊಟ್ಟಿ ಮುರಿದು ಕಚ್ಚಿದಳು. ಕಚ್ಚಿ ಉಳಿದ ತುಂಡಿನ ಅಂಚು ಕೆಂಪಾಗಿತ್ತು. ಚಟ್ನಿ ಎಂದುಕೊಂಡೆ. ಆಮೇಲೆ ಅವಳ ಹಲ್ಲುಗಳನ್ನು ನೋಡಿದೆ. ಬಾಯಿ ಮುಕ್ಕಳಿಸಿದರೂ ರಕ್ತ ನಿಲ್ಲಲಿಲ್ಲ. ಬಾಗೇವಾಡಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು, ನಿಂತ ಕಾಲ ಮೇಲೆ ವಿಜಯಪುರಕ್ಕೆ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟರು.

ಅಲ್ಲಿ ದೊಡ್ಡ ದವಾಖಾನೆಯಲ್ಲಿ ನಮ್ಮನ್ನು ನೋಡಿಕೊಂಡವಳು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಬಾಯಿ. ಮುದ್ದೇಬಿಹಾಳ ಕಡೆಯವಳು, ನಮ್ಮ ಹಾಗೇ ಮಾತಾಡುತ್ತಿದ್ದಳು. ನಿಮ್ಮಪ್ಪ ರಕ್ತ ತರಲು ಹೋಗಿದ್ದ. ಸೊಸೆಯ ಮಂಚದ ಹತ್ತಿರ ನಾನೊಬ್ಬಳೇ ಇದ್ದೆ. ಡಾಕ್ಟರಬಾಯಿ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು.

"ಆಯಿ, ರಕ್ತದಾಗ ಬಿಳಿ ಕಣ ಅಂತ ಇರ್ತಾವ. ಎಲುಬಿನ ಒಳಗ ಹುಟ್ಟತಾವ, ಬಲೀತಾವ, ಹೊರಗ ಬಂದು ಕೆಲಸ ಮಾಡತಾವ, ದಿನ ತುಂಬಿತಂದ್ರ ಸಾಯತಾವ. ನಿಮ್ಮ ಸೊಸಿ ಮೈಯಾಗ ಅವು ಬಲಿಯೂದ ನಿಂತೈತಿ. ಎಳೀವು ಹಂಗ ಉಳದು ಒಂದಕ್ಕ ಎರಡು, ಎರಡಕ್ಕ ನಾಕು ಆಗಾಕತ್ತಾವ. ಎಲುಬಿನ ಒಳಗ ಬ್ಯಾರೆ ಯಾವುದಕ್ಕೂ ಜಾಗಾ ಇಲ್ಲ. ರಕ್ತ ಹೆಪ್ಪುಗಟ್ಟಿಸೂ ಕಣಕ್ಕೂ ಇಲ್ಲ. ಅದಕ್ಕ ಮೈಮ್ಯಾಲೆ ಕಲಿ, ಅದಕ್ಕ ವಸಡಿನ ರಕ್ತ."

ನಿಮ್ಮಪ್ಪನ ಕೈಗಳ ಮೇಲಿದ್ದ ನನ್ನ ಸಂಶಯ ಅಲ್ಲಿಗೆ ಮುಗಿಯಿತು. ಹೊಸದು ಶುರುವಾಯಿತು.

"ಅವನ್ನ ಕೊಲ್ಲೂ ಔಷಧ ಕೊಡ್ರಿ ಹಂಗಾದ್ರ," ಎಂದೆ.

"ಒಂದು ಔಷಧ ಅವನ್ನ ಬಲಸೂದು ಆಯಿ. ಬಲಿತ್ವು ಅಂದ್ರ ತಾವ ಸಾಯತಾವ. ಈಗ ಜ್ವಾಳದ ತೆನಿ ಹಾಲುಗಾಳಿನ್ಯಾಗ ನಿಂತುಬಿಟ್ರ ಹ್ಯಾಂಗೋ ಹಂಗ ಇದು. ಈ ಔಷಧ ಕಾಳು ಬಲಸತೈತಿ."

ನಾನು ಬಹಳ ಮಾತಿನವಳಲ್ಲ. ಆದರೆ ಜೋಳದ ಮಾತು ಬಂದರೆ ಸುಮ್ಮನೆ ಹೇಗೆ ಇರಲಿ? "ಬಲಿತ ಕಾಳು ಸಾಯಂಗಿಲ್ಲಲ್ರಿ. ಬಿತ್ತಿದ್ರ ಮತ್ತ ಹುಟ್ಟತೈತಿ," ಎಂದೆ.

ಅವಳು ನಕ್ಕುಬಿಟ್ಟಳು. "ಅಯ್ಯ ನಮ್ಮಾಯಿ! ನನ್ನ ಪರೀಕ್ಷಾದಾಗ ಸೈತ ಯಾರೂ ಇಂಥಾ ಪ್ರಶ್ನಿ ಕೇಳಿರಲಿಲ್ಲ. ಆತು, ಜ್ವಾಳ ಬ್ಯಾಡ. ಎಲಿ ಅಂತ ತಿಳಕೋರಿ. ಎಳಿ ಎಲಿ ಗಾಳಿಗೆ ಉದರಂಗಿಲ್ಲ. ಬಲಿತು ಹಣ್ಣಾತಂದ್ರ ಯಾರೂ ಮುಟ್ಟೂದು ಬ್ಯಾಡ, ತಾನ ಉದರತೈತಿ. ಪ್ರತಿ ಕಣದೊಳಗೂ ಅದರ ಸಾವಿನ ಕೀಲಿ ಇರತೈತಿ. ಈ ಕಣಗಳದು ಜಂಗು ಹಿಡದೈತಿ. ಔಷಧ ಅದನ್ನ ತಿರುವಿ ಕೊಡತೈತಿ, ಅಷ್ಟ."

"ಎಂಥಾ ಔಷಧರಿ ಅದು?"

"ಎ ವಿಟಮಿನ್ ಜಾತೀದು."

ವಿಟಮಿನ್ ಎಂಬ ಮಾತು ನನಗೆ ಹೊಸದಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ಕಡೆಯ ದಿನಗಳಲ್ಲಿ ಸೊರಗುತ್ತಿದ್ದಾಗ ಊರಿನ ವೈದ್ಯನೊಬ್ಬ ವಿಟಮಿನ್ ಕಡಿಮೆ ಎಂದು ತಿಂಗಳುಗಟ್ಟಲೆ ತಾಕತ್ತಿನ ಗುಳಿಗೆ ಕೊಟ್ಟ. ಒಳಗಿದ್ದ ಬೇನೆ ಬೇರೆಯೇ ಆಗಿತ್ತು. ಅಂದಿನಿಂದ ನನ್ನ ಲೆಕ್ಕದಲ್ಲಿ ವಿಟಮಿನ್ ಎಂದರೆ, ಕೊಡಲು ಏನೂ ಉಳಿಯದಾಗ ಕೊಡುವುದು. ಮತ್ತೆ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿದವಳು ನಾನು. ನರ್ಸಬಾಯಿ ಆರು ತಿಂಗಳಿಗೊಮ್ಮೆ ಬಂದು ಕೂಸುಗಳಿಗೆ ಕಣ್ಣಿಗೆ ಒಳ್ಳೆಯದೆಂದು ಚಮಚದಲ್ಲಿ ಎ ವಿಟಮಿನ್ ಹಾಕುವಾಗ, ಅಳುವ ಕೂಸಿನ ಗಲ್ಲ ಹಿಡಿಯುವ ಕೆಲಸ ನನ್ನದು. ನಿಮ್ಮಿಬ್ಬರ ಗಲ್ಲವನ್ನೂ ಹಿಡಿದಿದ್ದೇನೆ. ಆ ಔಷಧದಿಂದ ರಕ್ತದ ಕ್ಯಾನ್ಸರ್ ಹೋಗುತ್ತದೆ ಎಂದರೆ ಹೇಗೆ ನಂಬುವುದು? ಸೊಸೆ ಉಳಿಯುವುದಿಲ್ಲ, ಮುದುಕಿಯ ಸಮಾಧಾನಕ್ಕೆ ಕಥೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಆ ವಿಟಮಿನ್ ಗುಳಿಗೆಯ ಜೊತೆಗೆ ಕೈಗೆ ಸಲಾಯನ್ ಹಚ್ಚಿದರು. ಅದರಲ್ಲಿ ಇರುವುದು ಪಾಷಾಣದಿಂದ ಮಾಡಿದ ಔಷಧ ಎಂದು ನಿಮ್ಮಪ್ಪ ಕೇಳಿಕೊಂಡು ಬಂದು ಹೇಳಿದ. ಅವನು ಹೆದರಿ ಬೆವರಿದ್ದ. ನನಗೆ ಮಾತ್ರ ಧೈರ್ಯ ಬಂತು. ಪಾಷಾಣ ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದು. ಕೆಟ್ಟ ಕಣವನ್ನು ಅದು ಕೊಲ್ಲಲಿ. ಗುಳಿಗೆ ಬರೀ ತೋರಿಕೆಗೆ. ಹೀಗೆ ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡೆ. ಮುಂದಿನ ತಪ್ಪಿಗೆಲ್ಲ ಬುಡ ಇದೇ.

ಗುಳಿಗೆ ಶುರುವಾದ ಮೇಲೆ ಬಿಳಿ ಕಣ ಇಳಿಯುವ ಬದಲು ಏರಿತು. ನಿಮ್ಮವ್ವನಿಗೆ ಉಸಿರು ಹಿಡಿಯಿತು, ಮೈ ಊದಿತು. ಎಳೆಯ ಕಣಗಳು ಬಲಿತು ಒಮ್ಮೆಲೇ ಹೊರಗೆ ಬಂದರೆ ಹೀಗಾಗಬಹುದು ಎಂದು ಡಾಕ್ಟರಬಾಯಿ ಮೊದಲೇ ಹೇಳಿದ್ದಳು, ಅದಕ್ಕೂ ಇಂಜೆಕ್ಷನ್ ಕೊಟ್ಟಳು, ಇಳಿಯಿತು. ಆದರೆ ಸಂಶಯದ ಮನಸ್ಸಿಗೆ ಮೊದಲೇ ಹೇಳಿದ್ದು ಕೂಡ ಸಂಶಯವೇ. ತಪ್ಪಾದರೆ ಇರಲಿ ಎಂದು ಮೊದಲೇ ಹೇಳಿಟ್ಟಿದ್ದಾಳೆ ಎಂದುಕೊಂಡೆ.

ಒಂದು ತಿಂಗಳ ಮೇಲಾಯಿತು. ಸೊಂಟದ ಎಲುಬಿಗೆ ಸೂಜಿ ಹಾಕಿ ನೋಡಿದರು. ಕೆಟ್ಟ ಕಣ ಕಾಣುವುದಿಲ್ಲ, ಆದರೆ ಅಡಗಿರುತ್ತವೆ, ಇನ್ನೂ ಹಲವು ತಿಂಗಳು ಔಷಧ ನಡೆಯಬೇಕು ಎಂದರು. ಕಾಣದಿದ್ದರೆ ಯಾಕೆ ಔಷಧ ಎಂದು ಕೇಳಬೇಕಿತ್ತು, ನಾಚಿಕೆಯಿಂದ ಕೇಳಲಿಲ್ಲ. ಕೆಲವು ವಾರ ಸಲಾಯನ್, ಕೆಲವು ವಾರ ಬಿಡುವು. ಆ ಬಿಡುವಿನಲ್ಲಿಯೂ ಹದಿನಾಲ್ಕು ದಿನ ಗುಳಿಗೆ ಮಾತ್ರ ಮನೆಯಲ್ಲಿ ನುಂಗಬೇಕು. ಮುಂಜಾನೆ ನಾಲ್ಕು, ಸಂಜೆ ಮೂರು, ಎಣ್ಣೆ-ತುಪ್ಪ ಇರುವ ಊಟದ ಸಂಗಡ, ಇಡಿಯಾಗಿ. ನಿಮ್ಮಪ್ಪ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಅವ್ವಾ, ಇದು ನಿನ್ನ ಜವಾಬ್ದಾರಿ. ನಾ ಅಂಗಡಿಗೆ ಹೋಗೂದು ತಪ್ಪಂಗಿಲ್ಲ," ಎಂದ.

ಡಬ್ಬಿ ತೆರೆದು ನೋಡಿದೆ. ಅರ್ಧ ಹಳದಿ, ಅರ್ಧ ಕಂದುಗೆಂಪು, ಒತ್ತಿದರೆ ಮೆತ್ತಗೆ. ಚಿಕ್ಕಂದಿನಲ್ಲಿ ಸಾಲಿಯಲ್ಲಿ ಮಾಸ್ತರರು ಇಂಥದೇ ಮೆತ್ತನೆಯ ಗುಳಿಗೆ ಹಂಚಿದ್ದರು. ಅದು ಮೀನೆಣ್ಣೆ ಎಂದು ಗೊತ್ತಾದಾಗ ನಮ್ಮವ್ವ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಬಾಯಿ ತೊಳೆಸಿ, ತಲೆಗೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಂಡಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಅದೆಲ್ಲ ನೆನಪಾಗಿ ಕೈ ಹಿಂದೆ ಸರಿಯಿತು.

ಅದೇ ದಿನ ಬೀಗತಿ ಬಂದರು. ಇಂಡಿ ಪೇಟೆಯಲ್ಲಿ ಔಷಧದ ಅಂಗಡಿಯವನನ್ನು ಕೇಳಿಕೊಂಡು ಬಂದಿದ್ದರು.

"ಇದರ ಮ್ಯಾಲಿನ ಚೀಲ ದನದ ಎಲುಬು ತೊಗಲು ಕುದಿಸಿದ ಅಂಟಿನದಂತ್ರಿ! ದವಾಖಾನ್ಯಾಗ ತಿನಿಸಿದ್ದು ಹೋಗ್ಲಿ, ಅಲ್ಲಿ ನಮ್ಮ ಕೈಯಾಗ ಇರಲಿಲ್ಲ. ನಿಮ್ಮ ಮನ್ಯಾಗ, ನಿಮ್ಮ ಕೈಯಿಂದ ನನ್ನ ಮಗಳಿಗೆ ಇದನ್ನ ತಿನಸ್ತೀರೇನು?"

"ಬಿಡಬಾರದಂದಾರಲ್ರಿ ಡಾಕ್ಟರು."

"ಬಿಡ್ರಿ ಅಂತ ನಾ ಅಂದ್ನ್ಯಾ? ಏನರ ಯುಕ್ತಿ ಮಾಡ್ರಿ. ಶಾಣ್ಯಾರಲ್ಲ ನೀವು, ಸಾಲಿ ಕಲತಾರು."

ಡಾಕ್ಟರಬಾಯಿಗೆ ಫೋನು ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ನಂಬರು ಗೋಡೆಯ ಕ್ಯಾಲೆಂಡರಿನ ಮೇಲೇ ಇತ್ತು. ಆದರೆ ಅಷ್ಟು ಕಲಿತವಳಿಗೆ ಎಲುಬು ತೊಗಲಿನ ಮಾತು ಹೇಗೆ ಕೇಳುವುದು ಎಂದು ಸಂಕೋಚ. ನಾನು ಯುಕ್ತಿಯನ್ನೇ ಮಾಡಿದೆ. ಒಂದು ಚಮಚ ತುಪ್ಪ ಬೆಚ್ಚಗೆ ಮಾಡಿ, ಗುಳಿಗೆಗೆ ಹೊಲಿಗೆ ಸೂಜಿ ಚುಚ್ಚಿ, ಒಳಗಿನದನ್ನು ತುಪ್ಪಕ್ಕೆ ಹಿಂಡಿ, ಚೀಲವನ್ನು ಒಲೆಗೆ ಎಸೆದೆ. ಒಳಗಿಂದ ಬಂದದ್ದು ಹಳದಿ ಎಣ್ಣೆಯ ಹಾಗೆ. ಅಂಗನವಾಡಿಯ ಚಮಚವೇ ಕಣ್ಣ ಮುಂದೆ ಬಂತು. ಇದೂ ಅದೇ, ಸ್ವಲ್ಪ ಹೆಚ್ಚುಕಡಿಮೆ ಆದರೆ ಏನಾದೀತು ಎಂದುಕೊಂಡೆ. ನಿಮ್ಮವ್ವನಿಗೆ ಮಾತ್ರ ಸುಳ್ಳು ಹೇಳಿದೆ.

"ಡಾಕ್ಟರಬಾಯಿ ಇನ್ನ ಮ್ಯಾಲೆ ತುಪ್ಪದಾಗ ಕೊಡ್ರಿ ಅಂದಾಳ."

ಅವಳು ನನ್ನ ಮುಖ ನೋಡಿ, ಚಮಚ ನೋಡಿ, ತೆಗೆದುಕೊಂಡಳು.

ಹದಿನಾಲ್ಕು ದಿನ ಹೀಗೆ ನಡೆಯಿತು. ದವಾಖಾನೆಯಲ್ಲಿದ್ದಾಗ ಅವಳ ತುಟಿ ಒಡೆದು ಸಿಪ್ಪೆ ಏಳುತ್ತಿದ್ದವು, ಈಗ ಮೆತ್ತಗಾದವು. ನೋಡಿ, ಗುಣವಾಗುತ್ತಿದ್ದಾಳೆ ಎಂದು ಹಿಗ್ಗಿದೆ. ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಕೆಂಪಾಗಿ, ಉರಿದು, ಸಿಪ್ಪೆ ಏಳತೊಡಗಿದವು. ಖಾರ ಕುಟ್ಟಿದ್ದಕ್ಕೆ ಇರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ.

ಹದಿನೈದನೆಯ ದಿನ ಇಬ್ಬರೂ ಬಸ್ಸು ಹಿಡಿದು ತಪಾಸಣೆಗೆ ಹೋದೆವು. ಡಾಕ್ಟರಬಾಯಿ ನಿಮ್ಮವ್ವನ ಕಣ್ಣು, ನಾಲಿಗೆ, ತುಟಿ ನೋಡಿದಳು. ತುಟಿಯನ್ನು ಎರಡನೇ ಸಲ ನೋಡಿದಳು. ನಾನು ಫೈಲು ಕೊಡಲು ಕೈ ಮುಂದೆ ಮಾಡಿದೆ. ಅವಳು ಫೈಲು ಬಿಟ್ಟು ನನ್ನ ಕೈ ಹಿಡಿದಳು.

"ಆಯಿ, ಬೆರಳಿಗೆ ಏನಾತು?"

"ಖಾರ ಕುಟ್ಟಿದ್ನ್ರಿ."

"ಖಾರ ಎರಡ ಬೆರಳಿಂದ ಕುಟ್ಟತೀರೇನು?" ಅವಳ ಮುಖದಲ್ಲಿ ನಗು ಇರಲಿಲ್ಲ. "ಈ ಔಷಧ ತಗೊಂಡ್ರ ತುಟಿ ಒಣಗಿ ಒಡೀತಾವ. ನಿಮ್ಮ ಸೊಸಿ ತುಟಿ ಒಡದಿಲ್ಲ, ನಿಮ್ಮ ಬೆರಳು ಒಡದಾವ. ಹೇಳ್ರಿ, ಔಷಧ ಯಾರ ಮೈಗೆ ಹತ್ತೈತಿ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ನಿಮ್ಮವ್ವನೇ ಅಂದಳು: "ತುಪ್ಪದಾಗ ಕೊಡ್ರಿ ಅಂತ ನೀವ ಹೇಳಿದ್ರಂತಲ್ರಿ ಮ್ಯಾಡಂ?"

"ನಾನಾ?"

ಆಗ ಹೇಳಿದೆ. ಅಂಗನವಾಡಿಯ ಚಮಚ, ಮೀನೆಣ್ಣೆ, ಎಲುಬಿನ ಅಂಟು, ಸೂಜಿ, ಸುಳ್ಳು, ಎಲ್ಲಾ. ನೆಲ ನೋಡುತ್ತಾ ಹೇಳಿದೆ. ಹೇಳಿ ಮುಗಿದ ಮೇಲೆ ಡಾಕ್ಟರಬಾಯಿ ನಿಮ್ಮವ್ವನ ಕಡೆ ತಿರುಗಿ, "ಆ ತುಪ್ಪನರ ಎಲ್ಲಾ ನುಂಗೀರಿಲ್ಲೋ?" ಎಂದಳು.

ನಿಮ್ಮವ್ವ ಸೆರಗು ಬೆರಳಿಗೆ ಸುತ್ತಿಕೊಂಡಳು. "ನಾಕ ದಿನ ನುಂಗೇನ್ರಿ. ಆಮ್ಯಾಲೆ ಅತ್ತಿ ಆ ಕಡೆ ಹೋದಕೂಡ್ಲೆ ಬಚ್ಚಲಕ್ಕ ಹಾಕೇನಿ."

"ಯಾಕ?"

"ಕಹಿ ಇತ್ರಿ. ಅಡಗಿಮನ್ಯಾಗ ಇವರು ನನಗ ಬೆನ್ನ ಮಾಡಿ ನಿಂತು ತುಪ್ಪಕ್ಕ ಏನೋ ಹಿಂಡೂದು ನೋಡಿದೆ. ಮದ್ದು ಹಾಕಾಕತ್ತಾರ ಅನಿಸ್ತ್ರಿ."

ಮದ್ದು ಎಂದರೆ ನಮ್ಮ ಕಡೆ ಗೊತ್ತಲ್ಲ, ಆಗದವರಿಗೆ ಊಟದಲ್ಲಿ ಗುಟ್ಟಾಗಿ ಬೆರೆಸಿ ಹಾಕುವ ವಿಷ. ಬೇನೆಯ ಸೊಸೆ ಮನೆಗೆ ಭಾರ ಎಂದು ಅತ್ತೆ ಹಾಗೆ ಮಾಡಿಯಾಳು ಎಂದು ಅವಳಿಗೆ ಅನಿಸಿತ್ತು. ಹತ್ತು ದಿನ ನನ್ನ ಕೈಯ ಊಟ ಮಾಡುತ್ತಾ, ನನ್ನ ಸಂಗಡ ಒಂದೇ ಜಗಲಿಯಲ್ಲಿ ಕೂತು ಕಾಳು ಹಸನು ಮಾಡುತ್ತಾ, ಹಾಗೆ ಅಂದುಕೊಂಡಿದ್ದಳು. ನನಗೆ ಬಹಳ ನೋವಾಯಿತು. ಆದರೆ ಯಾವ ಬಾಯಿಂದ ಕೇಳಲಿ? ಹೆತ್ತ ಮಗನ ಕೈಗಳನ್ನೇ ಒಂದು ವಾರ ಕದ್ದು ನೋಡಿದವಳು ನಾನು.

ಡಾಕ್ಟರಬಾಯಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಸಲಾಯನ್ ಇಲ್ಲದ ದಿನಾ ಇವು. ಗುಳಿಗೀನೂ ಇಲ್ಲ ಅಂದ್ರ, ಅಡಗಿ ಕೂತ ಎಳೀ ಕಣಕ್ಕ ಹೇಳವರು ಕೇಳವರು ಯಾರೂ ಇಲ್ಲ. ಪಾಷಾಣ ಒಂದು ಕಡೆಯಿಂದ, ಈ ವಿಟಮಿನ್ ಇನ್ನೊಂದು ಕಡೆಯಿಂದ, ಎರಡೂ ಕೂಡಿದ್ರನ ಆ ಕಣ ಸಾಯೂದು. ಅಂಗನವಾಡಿ ಔಷಧಕ್ಕೂ ಇದಕ್ಕೂ ಕುಲ ಒಂದ, ಕೆಲಸ ಬ್ಯಾರೆ ಆಯಿ," ಎಂದಳು.

ಮತ್ತೆ, ನಾನು ಕೇಳದಿದ್ದರೂ, ಹೇಳಿದಳು: "ಒಳಗಿನ ಔಷಧ ಮೀನಿನದಲ್ಲ, ಕಾರ್ಖಾನ್ಯಾಗ ಮಾಡಿದ್ದು. ಮ್ಯಾಲಿನ ಚೀಲ ಮಾತ್ರ ಪ್ರಾಣಿ ಅಂಟಿಂದ ಮಾಡಿದ್ದು, ಹೌದು. ಸುಳ್ಳು ಹೇಳಂಗಿಲ್ಲ. ನುಂಗೂದು ಬಿಡೂದು ನಿಮ್ಮ ಸೊಸಿ ಹೇಳ್ಬೇಕು, ನೀವಲ್ಲ, ನಿಮ್ಮ ಬೀಗತಿ ಅಲ್ಲ."

ಬೀಗತಿಯ ಮಾತು ಖರೇ ಇತ್ತು. ಅದು ಖರೇ ಎಂದು ಗೊತ್ತಾದದ್ದೇ ನನಗೆ ಇನ್ನಷ್ಟು ಕಷ್ಟವಾಯಿತು. ನಿಮ್ಮವ್ವ ಕೊರಳಿನ ಲಿಂಗ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ನನಗ ಎರಡು ಮಕ್ಕಳದಾವ್ರಿ. ನುಂಗತೇನಿ," ಎಂದಳು.

ಸೊಂಟದ ಎಲುಬಿಗೆ ಮತ್ತೆ ಸೂಜಿ ಹಾಕಿದರು. ಕಣ್ಣಿಗೆ ಕಾಣದ್ದನ್ನೂ ಹುಡುಕುವ ಪರೀಕ್ಷೆಗೆ ಅದನ್ನು ದೂರದ ಊರಿಗೆ ಕಳಿಸಿದರು. ಫಲಿತಾಂಶ ಬರಲು ದಿನಗಳು ಹಿಡಿದವು. ಅಷ್ಟರಲ್ಲಿ ಸಲಾಯನ್ ಮತ್ತೆ ಶುರು, ಗುಳಿಗೆಯೂ ಮತ್ತೆ ಶುರು. ಈಗ ಅವಳು ನನ್ನ ಮುಂದೆಯೇ ನುಂಗಿ, ಅಂಗನವಾಡಿಯ ಕೂಸಿನ ಹಾಗೆ ಬಾಯಿ ಅಗಲ ಮಾಡಿ ನಾಲಿಗೆ ತೋರಿಸುತ್ತಿದ್ದಳು. "ನೋಡ್ರಿ ಅತ್ತಿ, ಹೋತೋ ಇಲ್ಲೋ?" ನಾನು ಚಹಾ ಕೊಟ್ಟರೆ ಕಪ್ಪು ನನ್ನ ಕಡೆ ಸರಿಸಿ, "ಮೊದಲ ನೀವ ಕುಡೀರಿ, ಆಮ್ಯಾಲೆ ನಾ," ಎಂದು ನಗುತ್ತಿದ್ದಳು. ನಾನು ಒಂದು ಗುಟುಕು ಕುಡಿದೇ ಕೊಡುತ್ತಿದ್ದೆ. ಅವಳಿಗೆ ಅದು ಚೇಷ್ಟೆ. ನನಗೆ ಅರ್ಧ ಚೇಷ್ಟೆ. ಅವಳ ತುಟಿ ಮತ್ತೆ ಒಡೆದವು. ಪ್ರತಿದಿನ ಮುಂಜಾನೆ ಆ ಒಡೆದ ತುಟಿ ನೋಡಿದ ಮೇಲೆಯೇ ನಾನು ಒಲೆ ಹಚ್ಚುತ್ತಿದ್ದೆ. ಹಲ್ಲು ತಿಕ್ಕಿ ಉಗುಳಿದ ನೀರನ್ನೂ, ಅವಳು ಆ ಕಡೆ ಹೋದ ಮೇಲೆ, ಬಗ್ಗಿ ನೋಡುತ್ತಿದ್ದೆ.

ಫಲಿತಾಂಶ ಬಂದ ದಿನ ಡಾಕ್ಟರಬಾಯಿ, "ಏನೂ ಸಿಕ್ಕಿಲ್ಲ. ಒಂದ ಒಂದು ಕೆಟ್ಟ ಕಣದ ಗುರುತೂ ಇಲ್ಲ," ಎಂದಳು. ನಿಮ್ಮಪ್ಪ ಮುಖ ಮುಚ್ಚಿಕೊಂಡು ಅತ್ತ. ನಾನು ಮಾತ್ರ, "ಮ್ಯಾಲಿನ ಹೆಸರು ಓದ್ರಿ. ಅದು ನಮ್ಮಾಕಿದ ಹೌದೇನು?" ಎಂದು ಕೇಳಿದೆ. ಅವಳು ಹೆಸರು, ವಯಸ್ಸು, ಊರು ಗಟ್ಟಿಯಾಗಿ ಓದಿ ತೋರಿಸಿದಳು.

"ಹಂಗಾದ್ರ ಆ ಹದಿನಾಕ ದಿನದಿಂದ ಏನೂ ಆಗಲಿಲ್ಲಲ್ರಿ?" ಎಂದು ಡಾಕ್ಟರಬಾಯಿ ಹೊರಗೆ ಬಂದು ಒಬ್ಬಳೇ ಸಿಕ್ಕಾಗ ಕೇಳಿದೆ.

"ಇವತ್ತಿಗೆ ಇಲ್ಲ ಆಯಿ. ಮುಂದಿಂದು ನಾನೂ ಹೇಳಾಕ ಬರಂಗಿಲ್ಲ. ನೋಡಕೋತ ಹೋಗೂದು."

ಔಷಧ ಮುಗಿದು ಈಗ ಬಹಳ ದಿನವಾಯಿತು. ಕೆಲವು ತಿಂಗಳಿಗೊಮ್ಮೆ ನಿಮ್ಮವ್ವ ತಪಾಸಣೆಗೆ ರಕ್ತ ಕೊಟ್ಟು ಬರುತ್ತಾಳೆ. ಪ್ರತಿ ಸಲ ಒಳ್ಳೆಯ ಸುದ್ದಿ ಬರುತ್ತದೆ, ಪ್ರತಿ ಸಲ ನಾನು ಮೇಲಿನ ಹೆಸರು ಓದಿಸುತ್ತೇನೆ.

ಈಗ ನಿಮ್ಮ ಕೆಲಸ ಹೇಳುತ್ತೇನೆ. ಅವಳ ಫೈಲಿನಲ್ಲಿ ಡಾಕ್ಟರಬಾಯಿ ಒಂದೇ ಸಾಲು ಬರೆದಿದ್ದಾಳೆ: ಎರಡು ವಾರ ಗುಳಿಗೆ ಸರಿಯಾಗಿ ಹೋಗಿಲ್ಲ. ಯಾಕೆ ಹೋಗಿಲ್ಲ ಎಂದು ಬರೆದಿಲ್ಲ. ನನ್ನ ಮೇಲಿನ ಕರುಣೆ ಇರಬೇಕು. ನಿಮ್ಮಪ್ಪ ಆ ಸಾಲು ಓದಿ ಕೇಳಿದಾಗ ನಿಮ್ಮವ್ವ, "ವಾಂತಿ ಆಗತಿತ್ತು, ನಿಂದರ್ತಿರಲಿಲ್ಲ," ಎಂದುಬಿಟ್ಟಳು. ನನ್ನ ಮಾನ ಉಳಿಸಲು ಹೇಳಿದ ಸುಳ್ಳು ಅದು. ಆಮೇಲೆ ಬೀಗತಿಗೂ ಅದನ್ನೇ ಹೇಳಿದಳು. ಮುಂದೆ ಯಾವಾಗಲಾದರೂ ಬೇನೆ ಮರಳಿ, ಬೇರೆ ಊರಿನಲ್ಲಿ, ಬೇರೆ ಡಾಕ್ಟರು ಕೇಳಿದರೂ ಅವಳು ಹಾಗೇ ಹೇಳುತ್ತಾಳೆ. ಅವರು ಈ ಔಷಧ ಇವಳ ಮೈಗೆ ಒಗ್ಗುವುದಿಲ್ಲ ಎಂದು ತಿಳಿದು ಕೈಬಿಟ್ಟಾರು. ಒಗ್ಗುತ್ತದೆ. ಅವಳಿಗೆ ಒಂದು ದಿನವೂ ವಾಂತಿ ಆಗಿಲ್ಲ. ಗುಳಿಗೆ ಹೋಗದಂತೆ ಮಾಡಿದ್ದು ನಾನು.

ಈ ಹಾಳೆಗಳನ್ನು ಮಡಚಿ ಅದೇ ಫೈಲಿನ ಒಳಗೆ, ಆ ಸಾಲು ಇರುವ ಪುಟದ ಹಿಂದೆ ಇಡಿ. ಫೈಲು ಎಲ್ಲಿಗೆ ಹೋದರೂ ಇವು ಅದರ ಸಂಗಡ ಹೋಗಲಿ. ನಿಮ್ಮವ್ವನ ಕೈಗೆ ಮಾತ್ರ ಕೊಡಬೇಡಿ. ಓದಿದರೆ ಹರಿದು ಒಲೆಗೆ ಹಾಕುತ್ತಾಳೆ.